ಬಿಡಿ ರೆಕ್ಕೆ ಕೊಂಡು ತಗಡಿನ ವಿಮಾನ ಕೂಡಿಸಿದ ನನ್ನ ಅನುಭವ

ಮೂರು ಎಂಜಿನ್ನಿನ ಯುಂಕರ್ಸ್ ಎಂಬ ಜರ್ಮನ್ ವಿಮಾನದ ಹಳೇ ತಗಡಿನ ಆಟಿಕೆ ಈಗ ಎರಡೂ ರೆಕ್ಕೆ ಚಾಚಿಕೊಂಡು ನನ್ನ ಗಾಜಿನ ಕಪಾಟಿನಲ್ಲಿ ನಿಂತಿದೆ. ಮೈ ಒಂದು ಕಡೆಯದು, ಬಲ ರೆಕ್ಕೆ ಇನ್ನೊಂದು ಕಡೆಯದು, ಎಡ ರೆಕ್ಕೆ ಬೇರೆ ದೇಶದಿಂದಲೇ ಬಂದದ್ದು. ಮೊನ್ನೆ ಮನೆಗೆ ಬಂದಿದ್ದ ಇಲ್ಲಿನ ಹಳೇ ಸಂಗ್ರಾಹಕರೊಬ್ಬರು ಲೂಪ್ (ಕಣ್ಣಿಗೆ ಹಿಡಿಯುವ ಪುಟ್ಟ ಭೂತಗನ್ನಡಿ) ಹಚ್ಚಿ ಬಹಳ ಹೊತ್ತು ನೋಡಿ, "ಪೂರ್ತಿ ವಿಮಾನ, ಎಲ್ಲಿ ಸಿಕ್ಕಿತು ನಿಮಗೆ?" ಎಂದರು. ಬಿಡಿ ಭಾಗ ಕೊಂಡು ಕೂಡಿಸುತ್ತೇನೆ ಅಂದಾಗ ನಕ್ಕವರಲ್ಲಿ ಇವರೂ ಒಬ್ಬರು. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ನಾನು ಮೂಲತಃ ಪೀಣ್ಯದ ಟೂಲ್‌ರೂಮಿನವನು. ಡೈ (ತಗಡು ಕತ್ತರಿಸಿ ಆಕಾರ ಕೊಡುವ ಅಚ್ಚು), ಪಂಚ್, ಶೀಟ್ ಮೆಟಲ್ ಇವುಗಳಲ್ಲೇ ಅನ್ನ ತಿಂದವನು. ಕೆಲಸದ ಮೇಲೆ ಜರ್ಮನಿಯ ನ್ಯೂರೆಂಬರ್ಗ್ ಕಡೆಗೆ ಬಂದು ಹತ್ತು ವರ್ಷದ ಮೇಲಾಯಿತು. ಬಿಂಗ್, ಟಿಪ್ಕೊ, ಗ್ಯುಂಟರ್‌ಮನ್, ಡಿಸ್ಟ್ಲರ್, ಆರ್ನಾಲ್ಡ್, ಶೂಕೊ ಈ ಹಳೇ ಆಟಿಕೆ ಕಂಪನಿಗಳೆಲ್ಲ ಇದೇ ಊರಿನವು. ಪಕ್ಕದ ಫ್ಯೂರ್ತ್‌ನಲ್ಲಿ ಗಾಮಾ. ಅಂಥ ಊರಲ್ಲಿ ಇದ್ದುಕೊಂಡು, ತಗಡು ನೋಡಿದರೆ ಕೈ ತುರಿಸುವ ನನ್ನಂಥವನು ಸುಮ್ಮನಿರುವುದು ಹೇಗೆ? ಲಿಥೊ ಅಂದರೆ ತಗಡಿನ ಮೇಲೆ ಅಚ್ಚು ಹಾಕಿದ ಬಣ್ಣದ ಚಿತ್ರ. ಕೀ ಕೊಡುವ ಮೆಷಿನ್ ಹೇಗೆ ಬಿಚ್ಚಬೇಕು ಅನ್ನೋದೆಲ್ಲ ಓದುವವರಿಗೆ ಗೊತ್ತೇ ಇರುತ್ತದೆ, ಅದನ್ನು ಬಿಡುತ್ತೇನೆ.

ಮೊದಲು ದುಡ್ಡಿನ ವಿಷಯ. ಯುದ್ಧಕ್ಕೆ ಮುಂಚಿನ ದೊಡ್ಡ ಟಿಪ್ಕೊ ವಿಮಾನ ರೆಕ್ಕೆ, ಚಕ್ರ, ಪ್ರೊಪೆಲ್ಲರ್ ಎಲ್ಲ ಇದ್ದು ಹರಾಜಿಗೆ ಬಂದರೆ ನಾನು ನೋಡಿದ ಮಟ್ಟಿಗೆ ನಾಲ್ಕಂಕಿಗೆ ಕಡಿಮೆ ಇಳಿಯುವುದಿಲ್ಲ. ಅದರ ಮೇಲೆ ಹರಾಜಿನವರ ಕಮಿಷನ್ ನೂರಕ್ಕೆ ಇಪ್ಪತ್ತು, ಇಪ್ಪತ್ತೈದು. ಲಾಡೆನ್‌ಬುರ್ಗ್‌ನ ಆಟಿಕೆ ಹರಾಜಿನ ಕ್ಯಾಟಲಾಗನ್ನು ನಾನು ದಿನಪತ್ರಿಕೆಯ ಹಾಗೆ ಓದುತ್ತೇನೆ, ಕೈ ಎತ್ತುವ ಧೈರ್ಯ ಮಾತ್ರ ಮಾಡುವುದಿಲ್ಲ. ಸಂಬಳದಲ್ಲಿ ಮನೆ ಬಾಡಿಗೆ, ಊರಿಗೆ ಕಳಿಸುವುದು, ಮಗಳ ಶಾಲೆ ಕಳೆದು ಉಳಿಯುವುದರಲ್ಲಿ ತಿಂಗಳಿಗೆ ಐವತ್ತು, ಅರವತ್ತು ಯೂರೊ ಈ ಹುಚ್ಚಿಗೆ ಅಂತ ಎತ್ತಿಟ್ಟಿದ್ದೆ. ಆ ದುಡ್ಡಿಗೆ ಬರುವುದು ಎರಡೇ ಬಗೆಯವು: ನಕಲಿ, ಇಲ್ಲವೇ ಅಂಗವಿಕಲ. ನಾನು ಎರಡನೆಯದನ್ನು ಹಿಡಿದೆ.

ಲೆಕ್ಕಾಚಾರ ಸರಳ. ಈ ದೊಡ್ಡ ವಿಮಾನಗಳಲ್ಲಿ ಬಹಳಷ್ಟಕ್ಕೆ ರೆಕ್ಕೆ ಕಳಚಿ ಬರುತ್ತದೆ. ಪೆಟ್ಟಿಗೆ ಚಪ್ಪಟೆಯಾಗಿ ಚಿಕ್ಕದಾಗಿರಲಿ ಅಂತ ಕಾರ್ಖಾನೆಯವರು ಹಾಗೆ ಮಾಡಿದ್ದು. ರೆಕ್ಕೆಯ ಬುಡದಲ್ಲಿ ನಾಲಗೆ, ಮೈಯಲ್ಲಿ ಸೀಳು, ಒತ್ತಿದರೆ ಕೂರುತ್ತದೆ. ಹುಡುಗರ ಕೈಗೆ ಹೋದ ಮೇಲೆ ಕಳಚಿದ್ದು ಕಳಚಿದ ಹಾಗೇ ಉಳಿದು, ಮೈ ಒಂದು ಮನೆ ಸೇರಿತು, ರೆಕ್ಕೆ ಇನ್ನೊಂದರ ಅಟ್ಟ ಸೇರಿತು. ಅಂದರೆ ಲೋಕದಲ್ಲಿ ರೆಕ್ಕೆಯಿಲ್ಲದ ಮೈಗಳು ಎಷ್ಟಿವೆಯೋ, ಮೈಯಿಲ್ಲದ ರೆಕ್ಕೆಗಳೂ ಅದರ ಅರ್ಧದಷ್ಟಾದರೂ ಇರಲೇಬೇಕು. ರೆಕ್ಕೆ ಚಪ್ಪಟೆ ವಸ್ತು, ಜಾಗ ತಿನ್ನುವುದಿಲ್ಲ, ಅದನ್ನು ಯಾರೂ ಬೇಗ ಎಸೆಯುವುದಿಲ್ಲ. ಇದನ್ನು ಬೆಂಗಳೂರಿನ ಗೆಳೆಯನಿಗೆ (ಅವನೂ ತಗಡಿನ ಆಟಿಕೆ ಗಿರಾಕಿಯೇ) ಫೋನಿನಲ್ಲಿ ಹೇಳಿದಾಗ ಅವನು, "ಲೋ ಗುರು, ರೆಕ್ಕೆ ತಗೊಂಡು ಏನ್ ಮಾಡ್ತೀಯೋ, ಬೀಸಣಿಗೆ ಮಾಡ್ಕೋತೀಯಾ?" ಅಂದ. ಮನೆಯವಳು ಏನೂ ಅನ್ನಲಿಲ್ಲ, ರೆಕ್ಕೆ ಇಡುವ ರಟ್ಟಿನ ಪೆಟ್ಟಿಗೆಯ ಮೇಲೆ "ಗುಜರಿ" ಅಂತ ಬರೆದಿಟ್ಟಳು.

ಮೊದಲ ಎರಡು ವರ್ಷ ನಿಜಕ್ಕೂ ಗುಜರಿಯೇ. ಸಿಕ್ಕ ರೆಕ್ಕೆಯನ್ನೆಲ್ಲ ಕೊಂಡೆ. ಒಂದಕ್ಕೆ 5 ಯೂರೊ, ಇನ್ನೊಂದಕ್ಕೆ 30. ಸುಮಾರು 400 ಯೂರೊ ಹೋಗಿರಬೇಕು, ಒಂದೂ ಯಾವುದಕ್ಕೂ ಕೂರಲಿಲ್ಲ. ಕಣ್ಣಿಗೆ ಒಂದೇ ಥರ ಕಾಣುವ ರೆಕ್ಕೆ ಮೈಯ ಹತ್ತಿರ ತಂದರೆ ಒಂದು ಮಿಲಿಮೀಟರ್ ಆಚೆ ಈಚೆ. ಟಿಪ್ಕೊ ಕಂಪನಿಯ ಮಾಲೀಕ ಫಿಲಿಪ್ ಉಲ್‌ಮನ್ ಯಹೂದಿ. 1933ರಲ್ಲಿ ಜರ್ಮನಿ ಬಿಟ್ಟು ಇಂಗ್ಲೆಂಡಿಗೆ ಹೋಗಿ ನಾರ್ಥಾಂಪ್ಟನ್‌ನಲ್ಲಿ ಮೆಟಾಯ್ ಎಂಬ ಆಟಿಕೆ ಕಂಪನಿ ಶುರು ಮಾಡಿದ. ಅದೇ ಮುಂದೆ ಕಾರ್ಗಿ ಆಟಿಕೆ ಕಾರುಗಳನ್ನು ತಂದ ಕಂಪನಿ. ಒಬ್ಬನೇ ಮನುಷ್ಯ, ಒಂದೇ ತಲೆ, ಹಾಗಾದರೆ ಡೈ ಕೂಡ ಹೊಂದಬಹುದು ಅಂತ ತರ್ಕ ಹೂಡಿ ಮೆಟಾಯ್‌ದೊಂದು ರೆಕ್ಕೆ ಇಂಗ್ಲೆಂಡಿನಿಂದ ತರಿಸಿದೆ. ಅಂಚೆ ಖರ್ಚು ರೆಕ್ಕೆಗಿಂತ ಜಾಸ್ತಿ. ನಾಲಗೆ ಸೀಳಿನ ಬಾಯಿಗೆ ಹೋಗಿ ನಿಂತಿತು, ಒಳಗೆ ಇಳಿಯಲಿಲ್ಲ. ಆ ರೆಕ್ಕೆ ಈಗಲೂ ಇದೆ, ಮಗಳ ಡ್ರಾಯಿಂಗ್ ಹಾಳೆಗಳ ಮೇಲೆ ಪೇಪರ್‌ವೇಟ್.

ಆಮೇಲೆ ಟೂಲ್‌ರೂಮಿನ ಬುದ್ಧಿ ಓಡಿತು. ಮನೆಯಲ್ಲಿದ್ದ ಪ್ರತಿ ಮೈಯ ಸೀಳನ್ನೂ ವರ್ನಿಯರ್ ಅಳತೆಗೋಲು ಹಿಡಿದು ಅಳೆದೆ: ಸೀಳಿನ ಉದ್ದ, ಎರಡು ಸೀಳುಗಳ ನಡುವಿನ ಅಂತರ, ತಗಡಿನ ದಪ್ಪ. ದಪ್ಪ ಸಾಮಾನ್ಯವಾಗಿ 0.3 ಮಿ.ಮೀ. ಆಸುಪಾಸು. ಅದು ಭೇದ ಹೇಳುವುದಿಲ್ಲ. ಅಂತರ ಹೇಳುತ್ತದೆ. ಪ್ರತಿ ಮೈಗೂ ಪ್ಲಾಸ್ಟಿಕ್ ಹಾಳೆಯಲ್ಲಿ ಒಂದು ಅಚ್ಚು ಕತ್ತರಿಸಿ, ಎಟಿಎಂ ಕಾರ್ಡಿನ ಅಳತೆಗೆ ತಂದು ಪರ್ಸಿನಲ್ಲಿ ಇಟ್ಟುಕೊಂಡೆ. ಮಾರ್ಕೆಟ್ಟಿನಲ್ಲಿ ರೆಕ್ಕೆ ಸಿಕ್ಕರೆ ಕಾರ್ಡು ತೆಗೆದು ನಾಲಗೆಗೆ ತಗುಲಿಸಿ ನೋಡುವುದು, ಅರ್ಧ ನಿಮಿಷದ ಕೆಲಸ. ಆನ್‌ಲೈನಿನಲ್ಲಿ ಮಾರುವವರಿಗೆ ರೆಕ್ಕೆಯ ಬುಡದ ಪಕ್ಕ ಒಂದು ಸ್ಕೇಲಿಟ್ಟು ಫೋಟೊ ಕಳಿಸಿ ಅಂತ ಕೇಳುತ್ತೇನೆ. ಹತ್ತರಲ್ಲಿ ನಾಲ್ಕು ಜನ ಕಳಿಸುತ್ತಾರೆ.

ಅಳತೆ ಹೊಂದಿದರೆ ಮುಗಿಯಲಿಲ್ಲ. ಒಮ್ಮೆ ಅಳತೆ ಕರಾರುವಾಕ್ಕಾಗಿ ಕೂತ ರೆಕ್ಕೆ ಸಿಕ್ಕಿತು, ಕುಣಿದಾಡಿಬಿಟ್ಟೆ. ರಾತ್ರಿ ದೀಪದ ಕೆಳಗೆ ನೋಡಿದರೆ ಮೈಮೇಲಿನ ನೋಂದಣಿಯಲ್ಲಿ ಜರ್ಮನಿಯ ಗುರುತಾದ ಡಿ ಆದಮೇಲೆ ಅಂಕಿ, ರೆಕ್ಕೆಯ ಮೇಲೆ ಡಿ ಆದಮೇಲೆ ಅಕ್ಷರ. ಜರ್ಮನ್ ವಿಮಾನಗಳ ನೋಂದಣಿ ಅಂಕಿಯಿಂದ ಅಕ್ಷರಕ್ಕೆ ಬದಲಾದದ್ದು 1934ರಲ್ಲಿ. ಆಟಿಕೆಯವರು ಅದೇ ವರ್ಷ ಬದಲಾಯಿಸಿದರು ಅಂತಲ್ಲ, ಆದರೆ ಒಂದೇ ವಿಮಾನದ ಮೈಗೊಂದು ರೆಕ್ಕೆಗೊಂದು ಹಾಕುವಷ್ಟು ಬೇಜವಾಬ್ದಾರಿಯವರೂ ಅಲ್ಲ. ಡೈ ಅದೇ, ಪ್ರಿಂಟ್ ಬೇರೆ. 70 ಯೂರೊ ಕೊಟ್ಟಿದ್ದೆ. ಅದನ್ನು ಅಕ್ಷರದ ಮೈ ಇದ್ದ ಒಬ್ಬ ಡಚ್ಚನಿಗೆ ಬದಲಿಗೆ ಕೊಟ್ಟು ಬೇರೇನೋ ತಂದೆ. ಆ ಬದಲಿಯ ಕಥೆ ಮುಂದೆ ಬರುತ್ತದೆ.

ಈಗ ನಾನು ನೋಡುವುದು ಹೀಗೆ. ಮೊದಲು ಬರ್, ಅಂದರೆ ಕತ್ತರಿಸಿದ ಅಂಚಿನ ಚೂಪು. ತಗಡನ್ನು ಡೈಯಲ್ಲಿ ಕತ್ತರಿಸಿದಾಗ ಒಂದು ಕಡೆ ಅಂಚು ದುಂಡು, ಇನ್ನೊಂದು ಕಡೆ ಚೂಪು. ಚೂಪು ಮೇಲಕ್ಕಿದೆಯೋ ಕೆಳಕ್ಕಿದೆಯೋ ಉಗುರು ಎಳೆದರೆ ತಿಳಿಯುತ್ತದೆ. ಎಡ ಬಲ ರೆಕ್ಕೆಗಳಲ್ಲಿ ಅದು ಒಂದಕ್ಕೊಂದು ತಾಳೆಯಾಗಬೇಕು, ಮರುತಯಾರಿಗಳಲ್ಲಿ ಎಷ್ಟೋ ಸಲ ಆಗುವುದಿಲ್ಲ. ಆಮೇಲೆ ಬಣ್ಣ. ರೆಕ್ಕೆಯ ಮೇಲ್ಮೈ ಎಂಬತ್ತು ವರ್ಷ ಬೆಳಕು ತಿಂದು ಮಾಸಿರುತ್ತದೆ, ಅದನ್ನು ಮೈಯ ಬಣ್ಣಕ್ಕೆ ಹೋಲಿಸಿದರೆ ಏನೂ ಗೊತ್ತಾಗುವುದಿಲ್ಲ. ನಾಲಗೆ ಮಾತ್ರ ಮೈಯ ಒಳಗಿದ್ದು ಬೆಳಕು ಕಂಡಿರುವುದಿಲ್ಲ. ಅದೇ ರೀತಿ ಮೈಯ ಎರಡು ಅರ್ಧಗಳು ಕೂಡುವ ಮಡಿಕೆಯ ಒಳಗೂ ಮೂಲ ಬಣ್ಣ ಉಳಿದಿರುತ್ತದೆ. ಆ ಎರಡನ್ನು ಹೋಲಿಸಬೇಕು. ನಾನು ಕಂಡಂತೆ ಒಂದು ಲಾಟಿನ ಬೂದು ಬಣ್ಣ ನೀಲಿಗೆ ವಾಲಿದರೆ ಇನ್ನೊಂದರದು ಹಸಿರಿಗೆ. ಹಗಲು ಬೆಳಕಿನಲ್ಲಿ, ಉತ್ತರದ ಕಿಟಕಿಯ ಹತ್ತಿರ ನೋಡಬೇಕು. ಕೊನೆಗೆ ತಿಕ್ಕಿದ ಗುರುತು. ರೆಕ್ಕೆ ಹಾಕಿ ತೆಗೆದು ಮಾಡಿದ ಹುಡುಗ ಮೈಯ ಮೇಲೊಂದು ಗೀರು ಬಿಟ್ಟಿರುತ್ತಾನೆ. ಆ ಗೀರಿಗೆ ನಿಮ್ಮ ರೆಕ್ಕೆಯ ಅಂಚು ಸರಿಯಾಗಿ ಬಿದ್ದರೆ, ಹುಟ್ಟುವಾಗ ಜೊತೆಗಿದ್ದು ಆಮೇಲೆ ಬೇರೆಯಾದ ಜೋಡಿಯೇ ಮತ್ತೆ ಸಿಕ್ಕಿದೆ ಅನ್ನಬಹುದು. ಅಂಥದ್ದು ನನಗೆ ಒಂದೇ ಸಲ ಸಿಕ್ಕಿದೆ, ಒಂದು ಪುಟ್ಟ ಗ್ಯುಂಟರ್‌ಮನ್‌ನಲ್ಲಿ. ಮಾರುಕಟ್ಟೆ ದರ ನೋಡಿದರೆ ಅದು ಏನೂ ಅಲ್ಲ. ನಾನು ಮಾರುವುದಿಲ್ಲ.

ನಕಲಿ ಹಿಡಿಯುವುದು ಇದಕ್ಕಿಂತ ಸುಲಭ. ಲೂಪಿನಲ್ಲಿ ನಾಲ್ಕು ಬಣ್ಣದ ಚುಕ್ಕಿಗಳ ಜಾಲರಿ ಕಂಡರೆ ಅದು ಈಚಿನ ಪ್ರಿಂಟ್, ಮುಚ್ಚಿಡಿ. ಆಟಿಕೆಯ ರಟ್ಟಿನ ಪೆಟ್ಟಿಗೆ ಪರೀಕ್ಷಿಸಲು ಅಲ್ಟ್ರಾವಯಲೆಟ್ ಟಾರ್ಚ್ ಸಾಕು. ಯುದ್ಧಕ್ಕೆ ಮುಂಚಿನ ರಟ್ಟು ಮಂಕಾಗಿರಬೇಕು. ಲಗ್ನದ ಬಿಳಿ ಪಂಚೆಯ ಹಾಗೆ ನೀಲಿಯಾಗಿ ಹೊಳೆದರೆ ಆ ಕಾಗದದಲ್ಲಿ ಬಿಳುಪುಕಾರಕ ಇದೆ ಅಂತ ಅರ್ಥ, ಸುಮಾರು 1950ಕ್ಕೆ ಮುಂಚೆ ಅದು ಕಾಗದಕ್ಕೆ ಬೀಳುತ್ತಿರಲಿಲ್ಲ. ಟಾರ್ಚಿಗೆ 12 ಯೂರೊ. ನನಗೆ ಅದು ಉಳಿಸಿಕೊಟ್ಟದ್ದು ಸಾವಿರದ ಮೇಲೆ.

ಯುಂಕರ್ಸ್ ಕಥೆಗೆ ಬರುತ್ತೇನೆ. ಮೈ ಸಿಕ್ಕಿದ್ದು ಒಂದು ಮನೆ ಖಾಲಿ ಮಾಡುವ ಮಾರಾಟದಲ್ಲಿ, 45 ಯೂರೊ. ಮೂಗಿನ ಪ್ರೊಪೆಲ್ಲರ್ ಇಲ್ಲ, ಸ್ಪ್ರಿಂಗ್ ತುಂಡು, ಬಾಲದ ಮೇಲಿನ ನಾಜಿ ಸ್ವಸ್ತಿಕವನ್ನು ಯಾರೋ ಚಾಕುವಿನಿಂದ ಕೆರೆದಿದ್ದರು. ಹೀಗೆ ಕೆರೆದ ಬಾಲಗಳು ಬೇಕಾದಷ್ಟು ಸಿಗುತ್ತವೆ. ಕೆರೆಯದೆ ಉಳಿದದ್ದನ್ನು ಇಲ್ಲಿ ಬಹಿರಂಗವಾಗಿ ತೋರಿಸಿದರೆ ನಾಜಿ ಚಿಹ್ನೆ ನಿಷೇಧಿಸುವ ದಂಡ ಸಂಹಿತೆಯ 86ಎ ಕಲಂ ಅಡ್ಡ ಬರುತ್ತದೆ. ಇತಿಹಾಸಕ್ಕೆ, ಅಧ್ಯಯನಕ್ಕೆ ವಿನಾಯಿತಿ ಇದ್ದರೂ ಮಾರುವವರು ಉಸಾಬರಿ ಬೇಡ ಅಂತ ಬಾಲಕ್ಕೆ ಸ್ಟಿಕ್ಕರ್ ಅಂಟಿಸುತ್ತಾರೆ. ಆ ಸ್ಟಿಕ್ಕರೇ ಶನಿ. ಕಿತ್ತರೆ ಅಂಟಿನ ಜೊತೆ ಲಿಥೊ ಕೂಡ ಎದ್ದು ಬರುತ್ತದೆ. ಹೇರ್ ಡ್ರೈಯರ್‌ನಲ್ಲಿ ಬೆಚ್ಚಗೆ ಮಾಡಿ, ಹಲ್ಲಿನ ಫ್ಲಾಸ್ ದಾರವನ್ನು ಅಡ್ಡ ಎಳೆಯುತ್ತಾ ಬಿಡಿಸಬೇಕು, ಉಗುರು ಹಾಕಬಾರದು. ನನ್ನ ಅಮ್ಮ ಇಲ್ಲಿಗೆ ಬಂದಾಗ ಒಂದು ಬಾಲ ನೋಡಿ, "ಸ್ವಸ್ತಿಕ ಇದೆಯಲ್ಲೋ, ಒಳ್ಳೇದೇ" ಅಂದಿದ್ದಳು. ಪಕ್ಕದ ಮನೆಯವರಿಗೆ ಇದನ್ನು ವಿವರಿಸುವ ಪ್ರಸಂಗ ಬರಬಾರದಪ್ಪಾ ಅಂತ ಕಪಾಟಿನಲ್ಲಿ ಆ ಬಾಲವನ್ನು ಗೋಡೆಗೆ ತಿರುಗಿಸಿಟ್ಟೆ.

ಬಲ ರೆಕ್ಕೆ ಸಿಕ್ಕಿದ್ದು ಟ್ರೆಂಪೆಲ್‌ಮಾರ್ಕ್ಟ್‌ನಲ್ಲಿ. ನ್ಯೂರೆಂಬರ್ಗಿನ ಹಳೇ ಪೇಟೆಯಲ್ಲಿ ವರ್ಷಕ್ಕೆ ಎರಡು ಸಲ, ವಸಂತದಲ್ಲಿ ಒಂದು, ಶರತ್ತಿನಲ್ಲಿ ಒಂದು ಹಳೇ ಸಾಮಾನಿನ ಸಂತೆ ಸೇರುತ್ತದೆ. ಶುಕ್ರವಾರ ಸಂಜೆಯೇ ಶುರು. ವ್ಯಾಪಾರಿಗಳು ಗೋಣಿ ಬಿಚ್ಚುವಾಗಲೇ ಹೋಗಬೇಕು, ಹಣೆಗೆ ಟಾರ್ಚ್ ಕಟ್ಟಿಕೊಂಡು. ಜಿಟಿಜಿಟಿ ಮಳೆ. ಒಬ್ಬ ಅಜ್ಜ ತಾಡಪಾಲಿನ ಮೇಲೆ ಫೋರ್ಕು ಚಮಚ ಸುರಿದಿದ್ದ. ಅದರ ಮಧ್ಯೆ ಒಂದು ಸುಕ್ಕುಗೆರೆಯ ತಗಡು. ಎತ್ತಿದರೆ ಎಂಜಿನ್ನಿನ ಉಬ್ಬು ಸಮೇತ ರೆಕ್ಕೆ! ಬೆನ್ನ ಹಿಂದೆ ಹಿಡಿದು ಕಾರ್ಡು ತಗುಲಿಸಿದೆ. ಕಟಕ್ ಅಂತ ಕೂತಿತು. ಮುಖದಲ್ಲಿ ಏನೂ ತೋರಿಸದೆ ಎರಡು ಚಮಚ, ಒಂದು ಸಕ್ಕರೆ ಇಕ್ಕಳ, ಈ ತಗಡು ಎಲ್ಲ ಸೇರಿಸಿ ಎಷ್ಟು ಅಂತ ಕೇಳಿದೆ. ಎಂಟು ಅಂದ. ಆರಕ್ಕೆ ಇಳಿಸಿದೆ. ಚೌಕಾಸಿ ಮಾಡದೆ ಕೊಟ್ಟಿದ್ದರೆ ಅವನಿಗೆ ಅನುಮಾನ ಬರುತ್ತಿತ್ತು, ಎಷ್ಟಾದರೂ ನಾವು ಕೆ.ಆರ್. ಮಾರ್ಕೆಟ್ಟಿನಲ್ಲಿ ಪಳಗಿದವರು.

ಎಡ ರೆಕ್ಕೆಯೇ ಕಾಡಿದ್ದು. ಒಂದೂವರೆ ವರ್ಷ ಸುಳಿವಿಲ್ಲ. ಆನ್‌ಲೈನಿನಲ್ಲಿ ನಾನು "ತಗಡಿನ ವಿಮಾನ" ಅಂತ ಹುಡುಕುವುದನ್ನು ಯಾವತ್ತೋ ಬಿಟ್ಟಿದ್ದೇನೆ. ಹಾಗೆ ಬರೆಯುವವನಿಗೆ ಬೆಲೆಯೂ ಗೊತ್ತಿರುತ್ತದೆ. ವಿಮಾನದ ರೆಕ್ಕೆ ಅಂತಲೇ ಗೊತ್ತಿಲ್ಲದವನು ಅದಕ್ಕೆ ಏನಂತ ಹೆಸರಿಟ್ಟಾನು ಅಂತ ಯೋಚಿಸಿ ಆ ಪದಗಳನ್ನು ಹುಡುಕುತ್ತೇನೆ. ಛಾವಣಿ ಹೆಂಚು, ಅಡುಗೆಮನೆಯ ಅಲಂಕಾರ, ಆಟದ ರೈಲಿನ ಸ್ಟೇಷನ್ನಿನ ಮಾಡು ಅಂತೆಲ್ಲ ರೆಕ್ಕೆಗಳು ಮಾರಾಟವಾದದ್ದನ್ನು ನೋಡಿದ್ದೇನೆ. ಇನ್ನೂ ಎರಡು ಪದ ಇವೆ, ಅವನ್ನು ನಾನು ಹೇಳುವುದಿಲ್ಲ, ಸಿಟ್ಟಾಗಬೇಡಿ. ಕೊನೆಗೆ ಎಡ ರೆಕ್ಕೆ ಬಂದದ್ದು ಮಾತ್ರ ಹುಡುಕಿದ್ದರಿಂದಲ್ಲ. ಅಕ್ಷರದ ರೆಕ್ಕೆ ಕೊಟ್ಟಿದ್ದೆನಲ್ಲ, ಆ ಡಚ್ಚ ಒಂದು ಡಬ್ಬಿ ತುಂಬ ಚಕ್ರ, ಆಕ್ಸಲ್, ತುಂಡು ತಗಡು ಕಳಿಸಿದ್ದ. ಆಮೇಲೆ ಅವನೇ ಬರೆದ: ನಿನ್ನ ಕಾರ್ಡಿನ ಅಳತೆ ಗೋಡೆಗೆ ಅಂಟಿಸಿಕೊಂಡಿದ್ದೆ, ಒಂದು ಸಿಕ್ಕಿದೆ ನೋಡು ಅಂತ. 60 ಯೂರೊ, ಅಂಚೆ ಬೇರೆ. ತುದಿ ಬಾಗಿತ್ತು, ಒಂದು ನಾಲಗೆ ಮುರಿದಿತ್ತು, ಬಣ್ಣ ಮಾತ್ರ ನನ್ನ ಮೈಯದೇ, ನೀಲಿಗೆ ವಾಲಿದ ಬೂದು.

ಮುರಿದ ನಾಲಗೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಬೆಸುಗೆ ಹಾಕಬೇಡಿ. ಸಾಮಾನ್ಯ ಬೆಸುಗೆ ಕರಗುವುದೇ 180 ಡಿಗ್ರಿಯ ಮೇಲೆ, ಅಷ್ಟರಲ್ಲಿ ಮೇಲಿನ ಲಿಥೊ ಕಂದಿ ಗುಳ್ಳೆ ಏಳುತ್ತದೆ. ಗುಜರಿ ರೆಕ್ಕೆಯ ಮೇಲೆ ಒದ್ದೆ ಬಟ್ಟೆ ಸುತ್ತಿ, ಆಲೂಗಡ್ಡೆ ಒತ್ತಿ ಹಿಡಿದು ಎಲ್ಲ ಪ್ರಯತ್ನ ಮಾಡಿ ನೋಡಿದೆ. ಆಲೂಗಡ್ಡೆ ಬೆಂದಿತು, ಲಿಥೊ ಉಳಿಯಲಿಲ್ಲ. ಈಗ ಹಿಂದಿನಿಂದ 0.1 ಮಿ.ಮೀ. ಹಿತ್ತಾಳೆ ಶಿಮ್ (ತೆಳು ಪಟ್ಟಿ) ಹಾಕಿ ಹಿಡಿಸುತ್ತೇನೆ. ಅದು ಜಾರದಂತೆ ನಿಲ್ಲಿಸುವ ಉಪಾಯ ನನ್ನ ಟೂಲ್‌ರೂಮ್ ಗುರುಗಳದು, ಅವರ ಅಪ್ಪಣೆ ಇಲ್ಲದೆ ಬರೆಯುವುದಿಲ್ಲ. ಗಟ್ಟಿ ಇರುವ ನಾಲಗೆಯನ್ನೂ ಬಗ್ಗಿಸಿ ನೆಟ್ಟಗೆ ಮಾಡುವುದು ಎರಡು ಸಲಕ್ಕಿಂತ ಹೆಚ್ಚು ನಡೆಯುವುದಿಲ್ಲ, ಮೂರನೇ ಸಲಕ್ಕೆ ಕೈಗೆ ಬರುತ್ತದೆ.

ಮೂಗಿನ ಪ್ರೊಪೆಲ್ಲರ್ ನಾನೇ ಮಾಡಿದ್ದು. ಹಳೇ ಬಿಸ್ಕತ್ತು ಡಬ್ಬಿಯ ತಗಡು, ಸೀಸದ ಗಟ್ಟಿಯ ಮೇಲೆ ಇಟ್ಟು ತಟ್ಟಿ ತಿರುವು ಕೊಟ್ಟೆ. ಹಿಂಬದಿಯಲ್ಲಿ "ಕ" ಅಂತ ಒಂದು ಅಕ್ಷರದ ಪಂಚ್ ಹೊಡೆದಿದ್ದೇನೆ. ಆ ಪಂಚನ್ನೂ ನಾನೇ ಕೆತ್ತಿದ್ದು, ಎರಡು ಮಿಲಿಮೀಟರ್ ಎತ್ತರ, ಲೂಪಿನಲ್ಲಿ ಚಂದ ಕಾಣುತ್ತದೆ. ನಾಳೆ ಯಾರ ಕೈಗೆ ಹೋದರೂ ಇದು ಹೊಸದು ಅಂತ ತಿಳಿಯಬೇಕು. ಬಣ್ಣ ಹಾಕಿ ಹಳೇದರ ಹಾಗೆ ಉಜ್ಜಿ ಮಾರುವವರಿದ್ದಾರೆ. ಅಂಥವರ ಜೊತೆ ನನಗೆ ಮಾತಿಲ್ಲ. ನನ್ನ ಯುಂಕರ್ಸ್‌ನ ಬಾಲ ಈಗಲೂ ಕೆರೆದಂತೆಯೇ ಇದೆ.

ತೊಳೆಯುವ ವಿಷಯದಲ್ಲಿ ಸ್ವಲ್ಪ ದಾರಿ ತಪ್ಪಿ ಪ್ರಯೋಗ ಮಾಡಿದೆ. ಲಿಥೊ ಮೇಲಿನ ಕೊಳೆಗೆ ಉಗುರುಬೆಚ್ಚಗಿನ ನೀರು, ಹತ್ತಿ ಕಡ್ಡಿ. ಅದಕ್ಕೆ ಬಗ್ಗದಿದ್ದರೆ ಎಂಜಲು. ನಗಬೇಡಿ, ಮ್ಯೂಸಿಯಂಗಳಲ್ಲಿ ಚಿತ್ರಪಟ ಒರೆಸುವವರೂ ಎಂಜಲನ್ನೇ ಬಳಸುತ್ತಾರೆ. ಅಸಿಟೋನ್ ಮುಟ್ಟಿಸಿದ ಗುಜರಿ ತುಂಡಿನಲ್ಲಿ ಪೈಲಟ್ಟಿನ ಮುಖವೇ ಹೋಯಿತು. ಒಳಮೈಯ ತುಕ್ಕಿಗೆ ನಮ್ಮ ಹುಣಸೆಹಣ್ಣು ಹಚ್ಚಿ ಒಂದು ರಾತ್ರಿ ಬಿಟ್ಟೆ. ತುಕ್ಕು ಹೋಯಿತು, ಅದರ ಜೊತೆಗೆ ತವರದ ಹೊಳಪೂ ಹೋಗಿ ತಗಡು ಬೂದಿ ಬಣ್ಣಕ್ಕೆ ತಿರುಗಿತು. ಕಾಣದ ಜಾಗಕ್ಕೆ ಪರವಾಗಿಲ್ಲ, ಕಾಣುವ ಜಾಗಕ್ಕೆ ಬೇಡ.

ಕುಂದಾಪುರದಲ್ಲಿ ಮಾವನ ಮನೆ. ಒಂದು ಮಳೆಗಾಲ ಪೂರ್ತಿ ಅಲ್ಲಿನ ಜಗಲಿಯಲ್ಲಿ ಮೂರು ಗುಜರಿ ರೆಕ್ಕೆ ನೇತುಹಾಕಿಸಿದೆ: ಒಂದು ಬರಿದು, ಒಂದಕ್ಕೆ ಹೊಲಿಗೆ ಮೆಷಿನ್ ಎಣ್ಣೆ, ಒಂದಕ್ಕೆ ಮೈಕ್ರೊಕ್ರಿಸ್ಟಲೈನ್ ಮೇಣ. ಬರಿದು ಇಟ್ಟದ್ದಕ್ಕೆ ತುಕ್ಕು ಹತ್ತಿದ್ದು ಮಧ್ಯದಲ್ಲಲ್ಲ, ಅಂಚಿನಲ್ಲಿ. ತವರದ ಲೇಪ ಇರುವುದು ಹಾಳೆಯ ಎರಡು ಮುಖಕ್ಕೆ ಮಾತ್ರ, ಕತ್ತರಿಸಿದ ಅಂಚಿನಲ್ಲಿ ಬರೀ ಕಬ್ಬಿಣ. ಎಣ್ಣೆಯದು ಧೂಳು ಹಿಡಿದು ಬೂಷ್ಟು ಬಂತು. ಮೇಣದ್ದು ಹೋದ ಹಾಗೇ ವಾಪಸು ಬಂತು. ಅಂದಿನಿಂದ ಅಂಚಿಗೆ ಎರಡು ಸಲ ಮೇಣ, ಮುಖಕ್ಕೆ ಒಂದು ಸಲ. "ಅಳಿಯಂದಿರು ಜಗಲಿಯಲ್ಲಿ ದೃಷ್ಟಿಗೆ ಕಟ್ಟಿದ್ದಾರಾ?" ಅಂತ ಮಾವ ಕೇಳಿದ್ದರು.

ಶೂಕೊ ಬಗ್ಗೆ ಒಂದು ಮಾತು. ಬೆಂಗಳೂರಿನ ಗೆಳೆಯನಿಗೆ ಬೇಕಿದ್ದದ್ದು ಎಲೆಕ್ಟ್ರೊ ರೇಡಿಯಂಟ್ 5600, ಅಂದರೆ ವಿಕರ್ಸ್ ವೈಕೌಂಟ್ ವಿಮಾನದ ಬ್ಯಾಟರಿ ಆಟಿಕೆ. 1957ರಿಂದ ನಮ್ಮ ಇಂಡಿಯನ್ ಏರ್‌ಲೈನ್ಸ್ ಹಾರಿಸಿದ್ದು ಇದೇ ವಿಮಾನ, ಅವನ ಅಪ್ಪ ಅದರಲ್ಲಿ ಹೋಗಿದ್ದರಂತೆ. ನಾಲ್ಕು ಪ್ರೊಪೆಲ್ಲರ್ ಒಂದಾದ ಮೇಲೊಂದು ತಿರುಗಲು ಶುರುವಾಗುವುದು ನೋಡಲು ಬಹಳ ಚಂದ. ಇದರಲ್ಲಿ ರೆಕ್ಕೆಯ ಚಿಂತೆಯಿಲ್ಲ, ಬ್ಯಾಟರಿ ಡಬ್ಬಿಯದು ಚಿಂತೆ. ಯಾರೋ ಐವತ್ತು ವರ್ಷದ ಹಿಂದೆ ಸೆಲ್ ಹಾಕಿ ಮರೆತಿದ್ದರೆ ಒಳಗೆಲ್ಲ ತಿಂದು ಹಾಕಿರುತ್ತದೆ. ಮುಚ್ಚಳ ತೆಗೆದ ಫೋಟೊ ಇಲ್ಲದೆ ಕೊಳ್ಳಲೇಬೇಡಿ. ಅಂಚೆಯಲ್ಲಿ ಕಳಿಸುವ ಯೋಚನೆಯನ್ನೂ ಬಿಡಿ. ಭಾರತದಲ್ಲಿ ಆಟಿಕೆಯ ಆಮದು ಸುಂಕ 2020ರಲ್ಲಿ 20ರಿಂದ 60 ಪರ್ಸೆಂಟಿಗೆ ಏರಿತು, 2023ರಲ್ಲಿ 70 ಆಯಿತು. ನಾನು ರಜೆಗೆ ಹೋದಾಗ ಅವನದನ್ನು ಕೈಯಲ್ಲೇ ಒಯ್ದು ಕೊಟ್ಟೆ. ವಿಮಾನ ನಿಲ್ದಾಣದಲ್ಲಿ ಎಕ್ಸ್‌ರೇ ನೋಡಿದವರು ಪೆಟ್ಟಿಗೆ ತೆಗೆಸಿ, ಪ್ರೊಪೆಲ್ಲರ್ ತಿರುಗಿಸಿ ನೋಡಿ ನಕ್ಕು ಕಳಿಸಿದರು. ಬೀಸಣಿಗೆ ಅಂದಿದ್ದ ಮಹಾನುಭಾವ ಈಗ ತಾನೂ ರೆಕ್ಕೆ ಹುಡುಕುತ್ತಿದ್ದಾನೆ, ನನ್ನ ಕಾರ್ಡಿನ ಅಳತೆ ಕೊಡು ಅಂತ ವಾರಕ್ಕೊಮ್ಮೆ ಫೋನು.

ಯುಂಕರ್ಸ್‌ಗೆ ಒಟ್ಟು ಬಿದ್ದದ್ದು ಸ್ಪ್ರಿಂಗ್, ಶಿಮ್, ಅಂಚೆ ಎಲ್ಲ ಸೇರಿ 170, 180 ಯೂರೊ. ಸ್ಪ್ರಿಂಗ್ ಎಲ್ಲಿಂದ ಅಂತ ಕೇಳಬೇಡಿ. ಮೊನ್ನೆ ಬಂದವರು ಬಾಗಿಲಲ್ಲಿ ನಿಂತು 900 ಕೊಡುತ್ತೇನೆ ಅಂದರು, ಕೆರೆದ ಬಾಲದ ಸಮೇತ. ಗುಜರಿ ಪೆಟ್ಟಿಗೆಯ 400 ಕಳೆದರೂ ಲಾಭವೇ. ಹೂಂ ಅನ್ನಲಿಲ್ಲ. ಮೂರು ತುಂಡು ಮೂರು ಕಡೆಯವು ಅಂತ ಹೇಳಿದಾಗ ಮತ್ತೆ ಲೂಪ್ ತೆಗೆದರು, ನಾಲಗೆಯ ಹತ್ತಿರ ಬಹಳ ಹೊತ್ತು ಹುಡುಕಿದರು, ಶಿಮ್ ಸಿಗಲಿಲ್ಲ.

ಈಗ ಮೇಜಿನ ಮೇಲಿರುವುದು ಲೇಮನ್ ಕಂಪನಿಯ ಇಕಾರಸ್ ಎಂಬ ಆಟಿಕೆ ವಿಮಾನ. ಅದರ ರೆಕ್ಕೆ ಕಾಗದದ್ದು, ದಾರಕ್ಕೆ ನೇತುಹಾಕಿ ಕೀ ಕೊಟ್ಟರೆ ಸುತ್ತು ಹೊಡೆಯುತ್ತದೆ. ಇಲ್ಲಿ ನನ್ನ ವರ್ನಿಯರ್ ವಿದ್ಯೆ ನಡೆಯುವುದಿಲ್ಲ, ಕಾಗದದವರ ಕಾಲು ಹಿಡಿಯಬೇಕು. ಅದರ ಪಕ್ಕದಲ್ಲಿ ಒಂದು ಎರಡಂತಸ್ತಿನ ರೆಕ್ಕೆಯ ಗ್ಯುಂಟರ್‌ಮನ್, ಮೇಲಿನ ರೆಕ್ಕೆ ಇಲ್ಲ. ನಾಲಗೆ ಅಗಲ ಏಳು ಮಿ.ಮೀ., ನಡುವಿನ ಅಂತರ ನಲವತ್ತೆರಡಕ್ಕೆ ಒಂದು ಕೂದಲೆಳೆ ಕಡಿಮೆ, ಕೆನೆ ಬಣ್ಣಕ್ಕೆ ಕೆಂಪು ಗೆರೆ. ಯಾರ ಅಟ್ಟದಲ್ಲಾದರೂ ಇದ್ದರೆ ಬೇರೆ ಯಾರಿಗೂ ತೋರಿಸಬೇಡಿ, ಮೊದಲು ನನಗೆ ಹೇಳಿ. ಬದಲಿಗೆ ಆರ್ನಾಲ್ಡ್ ಚಕ್ರಗಳಿವೆ, ಮೆಟಾಯ್ ರೆಕ್ಕೆಯೂ ಇದೆ, ಮಗಳು ಒಪ್ಪಿದರೆ.